ಒಳಗೆ ಆಮ್ಲ, ಹೊರಗೆ ಸಲ್ಫೇಟ್: ನೆಲದಡಿಯ ತ್ಯಾಜ್ಯನೀರಿನ ತೊಟ್ಟಿಗೆ ಎಂತಹ ಕಾಂಕ್ರೀಟು?

ತೊಟ್ಟಿ_ವಿನ್ಯಾಸ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾಲಿನ ಉತ್ಪನ್ನಗಳ ಘಟಕವೊಂದರಿಂದ ಹೊರಬರುವ ತ್ಯಾಜ್ಯನೀರನ್ನು ಸಂಸ್ಕರಣೆಗೆ ಕಳುಹಿಸುವ ಮುನ್ನ ಕೆಲವು ಗಂಟೆಗಳ ಕಾಲ ಹಿಡಿದಿಡುವ, ಪೂರ್ತಿ ನೆಲದೊಳಗಿರುವ ಮತ್ತು ಮೇಲೆ ಚಪ್ಪಡಿ ಮುಚ್ಚಿರುವ ತೊಟ್ಟಿಯೊಂದಕ್ಕೆ ಕಾಂಕ್ರೀಟಿನ ನಿರ್ದಿಷ್ಟ ವಿವರಣೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ರಚನೆಯ ಲೆಕ್ಕಾಚಾರ ಮುಗಿದಿದೆ. ಗೋಡೆಯ ದಪ್ಪ, ಸರಳುಗಳ ಅಂತರ, ಬಿರುಕಿನ ಅಗಲದ ಮಿತಿ ಇವುಗಳಲ್ಲಿ ನನಗೆ ಗೊಂದಲವಿಲ್ಲ. ಗೊಂದಲವಿರುವುದು ರಾಸಾಯನಿಕಗಳ ವಿಷಯದಲ್ಲಿ.

ಪ್ರಯೋಗಾಲಯದ ವರದಿಯಂತೆ ಹೊರಗಿನ ಅಂತರ್ಜಲದಲ್ಲಿ ಲೀಟರಿಗೆ 1,300 ಮಿಲಿಗ್ರಾಂನಷ್ಟು ಸಲ್ಫೇಟ್ ಇದೆ ಮತ್ತು ಆ ನೀರಿನ ಮಟ್ಟ ತೊಟ್ಟಿಯ ತಳಕ್ಕಿಂತ ಮೇಲಿದೆ. ಒಳಗೆ ತುಂಬುವ ನೀರಿನಲ್ಲಿ ಹಾಲು ಹುಳಿತು ಉಂಟಾಗುವ ಲ್ಯಾಕ್ಟಿಕ್ ಆಮ್ಲವಿರುವುದರಿಂದ ಅದರ ಪಿ.ಎಚ್. ಹೆಚ್ಚಿನ ಸಮಯ 5ರ ಆಸುಪಾಸಿನಲ್ಲಿರುತ್ತದೆ. ಯಂತ್ರಗಳನ್ನೂ ಕೊಳವೆಗಳನ್ನೂ ತೊಳೆಯುವಾಗ ಕಾಸ್ಟಿಕ್ ಸೋಡಾ ಮತ್ತು ನೈಟ್ರಿಕ್ ಆಮ್ಲದ ತೆಳು ದ್ರಾವಣಗಳು ಬಿಸಿಯಾಗಿರುವಾಗಲೇ ಇದೇ ತೊಟ್ಟಿಗೆ ಬಂದು ಬೀಳುತ್ತವೆ. ಆಗ ಸ್ವಲ್ಪ ಹೊತ್ತು ಪಿ.ಎಚ್. 2ರವರೆಗೆ ಇಳಿಯುವುದೂ 12ರವರೆಗೆ ಏರುವುದೂ ಉಂಟು.

ನಾನು ಕೇಳಬೇಕೆಂದಿರುವುದು ಇಷ್ಟು. ಸಲ್ಫೇಟ್ ನಿರೋಧಕ ಸಿಮೆಂಟನ್ನು ಬಳಸಿದರೆ ಒಳಗಿನ ಆಮ್ಲದ ವಿರುದ್ಧವೂ ಏನಾದರೂ ಪ್ರಯೋಜನವಾಗುತ್ತದೆಯೇ? ಕಾಂಕ್ರೀಟಿನ ದರ್ಜೆಯನ್ನು ಎರಡು ಮೆಟ್ಟಿಲು ಏರಿಸುವುದು, ಇಲ್ಲವೇ ಸಿಲಿಕಾ ಫ್ಯೂಮ್ (ಬಲು ನುಣ್ಣನೆಯ ಸಿಲಿಕಾ ಪುಡಿ) ಸೇರಿಸುವುದು, ಇಲ್ಲವೇ ರಂಧ್ರಗಳಲ್ಲಿ ಹರಳು ಬೆಳೆಸುತ್ತದೆಂದು ಹೇಳಲಾಗುವ ಮಿಶ್ರಕವನ್ನು ಹಾಕುವುದು, ಇವುಗಳಲ್ಲಿ ಯಾವುದಾದರೂ ಒಂದು ಒಳಲೇಪನದ ಅಗತ್ಯವನ್ನು ತಪ್ಪಿಸಬಲ್ಲದೇ? ತೊಟ್ಟಿಯನ್ನು ಖಾಲಿ ಮಾಡಿ ಮತ್ತೆ ಮತ್ತೆ ಲೇಪನ ಬಳಿಯುವುದು ಕಷ್ಟವೆಂದು ಮಾಲೀಕರು ಲೇಪನವೇ ಬೇಡವೆನ್ನುತ್ತಿದ್ದಾರೆ. ಅವರಿಗೆ ಹೇಳಲು ನನಗೆ ಕಾರಣಸಹಿತವಾದ ಉತ್ತರ ಬೇಕಾಗಿದೆ.

ಸುಣ್ಣಗಾರೆ

ನಿಮ್ಮ ತೊಟ್ಟಿಯ ಮೇಲೆ ಬೀಳುವ ದಾಳಿ ಒಂದಲ್ಲ, ಕನಿಷ್ಠ ಎರಡು. ಅವುಗಳ ಸ್ವಭಾವವೂ ಬೇರೆ ಬೇರೆ. ಹೊರಗಿನ ಸಲ್ಫೇಟನ್ನು ಕಾಂಕ್ರೀಟಿನ ಮಿಶ್ರಣದಿಂದಲೇ ಗೆಲ್ಲಬಹುದು. ಒಳಗಿನ ಆಮ್ಲವನ್ನು ಮಿಶ್ರಣದಿಂದ ನಿಧಾನಗೊಳಿಸಬಹುದೇ ಹೊರತು ಗೆಲ್ಲಲಾಗದು. ಇವೆರಡನ್ನೂ "ರಾಸಾಯನಿಕ ನಿರೋಧಕ ಕಾಂಕ್ರೀಟು" ಎಂಬ ಒಂದೇ ಸಾಲಿನಲ್ಲಿ ಬರೆದು ಮುಗಿಸುವ ವಿವರಣೆಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಅಂತಹ ಸಾಲಿನಿಂದ ಗುತ್ತಿಗೆದಾರನಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಮೊದಲು ಸಲ್ಫೇಟ್. ಪೋರ್ಟ್‌ಲ್ಯಾಂಡ್ ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾದಾಗ ಎರಡು ಮುಖ್ಯ ವಸ್ತುಗಳು ಹುಟ್ಟುತ್ತವೆ. ಬಲವನ್ನು ಕೊಡುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಒಂದು, ಗಟ್ಟಿಯಾದ ಪೇಸ್ಟಿನ ಗಾತ್ರದಲ್ಲಿ ಸುಮಾರು ಶೇ. 20ರಿಂದ 25ರಷ್ಟಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ, ಮತ್ತೊಂದು. ಹೊರಗಿನಿಂದ ಒಳಬರುವ ಸಲ್ಫೇಟ್ ಅಯಾನುಗಳು ಈ ಸುಣ್ಣದೊಡನೆ ಸೇರಿ ಜಿಪ್ಸಮ್ ಆಗುತ್ತವೆ. ಸಿಮೆಂಟಿನ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟಿನಿಂದ ಹುಟ್ಟಿದ ಸಂಯುಕ್ತಗಳೊಡನೆ ಸೇರಿ ಎಟ್ರಿಂಜೈಟ್ ಎಂಬ ಸೂಜಿಯಾಕಾರದ ಹರಳಾಗುತ್ತವೆ. ಆಗಲೇ ಗಟ್ಟಿಯಾಗಿರುವ ಕಾಂಕ್ರೀಟಿನೊಳಗೆ ಈ ಹರಳು ಬೆಳೆದಾಗ ಹಿಗ್ಗುವಿಕೆಯಿಂದ ಬಿರುಕು ಬಿಡುತ್ತದೆ, ಅಂಚುಗಳು ಉದುರುತ್ತವೆ. ಸಲ್ಫೇಟ್ ನಿರೋಧಕ ಸಿಮೆಂಟಿನಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟನ್ನು ಶೇ. 5ಕ್ಕಿಂತ ಮೇಲೆ ಹೋಗದಂತೆ ಇಡುವುದು ಇದೇ ಕಾರಣಕ್ಕೆ. ಆದರೆ ಆ ಸಿಮೆಂಟಿನಲ್ಲೂ ಸುಣ್ಣ ಇದ್ದೇ ಇರುತ್ತದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ: ಆಮ್ಲದ ವಿರುದ್ಧ ಸಲ್ಫೇಟ್ ನಿರೋಧಕ ಸಿಮೆಂಟಿನಿಂದ ಪ್ರಯೋಜನವಿಲ್ಲ.

ನಿಮ್ಮ ವರದಿಯಲ್ಲಿ ಒಂದು ವಿಷಯವನ್ನು ಇಂದೇ ಪರಿಶೀಲಿಸಿರಿ. 1,300 ಎಂಬ ಸಂಖ್ಯೆ ಸಲ್ಫೇಟ್ ಅಯಾನಿನ ರೂಪದಲ್ಲಿದೆಯೋ ಸಲ್ಫರ್ ಟ್ರೈಆಕ್ಸೈಡಿನ ರೂಪದಲ್ಲಿದೆಯೋ? ಎರಡನೆಯದಾಗಿದ್ದರೆ ಅದನ್ನು 1.2ರಿಂದ ಗುಣಿಸಬೇಕು, ಆಗ ಅದು 1,560 ಆಗುತ್ತದೆ. ಅಮೆರಿಕದ ಕಾಂಕ್ರೀಟು ಸಂಹಿತೆಯಾದ ಎ.ಸಿ.ಐ. 318ರಲ್ಲಿ ನೀರಿನ ಸಲ್ಫೇಟ್ ಲೀಟರಿಗೆ 150ರಿಂದ 1,500 ಮಿಲಿಗ್ರಾಂವರೆಗಿನದು ಒಂದು ವರ್ಗ, 1,500ರಿಂದ 10,000ದವರೆಗಿನದು ಅದಕ್ಕಿಂತ ತೀವ್ರವಾದ ವರ್ಗ. ಮೊದಲನೆಯದಕ್ಕೆ ನೀರು-ಸಿಮೆಂಟು ಅನುಪಾತದ (ಸಿಮೆಂಟಿನ ತೂಕಕ್ಕೆ ನೀರಿನ ತೂಕ) ಗರಿಷ್ಠ ಮಿತಿ 0.50, ಎರಡನೆಯದಕ್ಕೆ 0.45. ಯುರೋಪಿನ ಕಾಂಕ್ರೀಟು ಸಂಹಿತೆಯಾದ ಇ.ಎನ್. 206ರಲ್ಲಿ 600ರಿಂದ 3,000ದವರೆಗೆ ಒಂದೇ ವರ್ಗವಾಗಿದ್ದು, ಅಲ್ಲಿ ಶಿಫಾರಸು ಮಾಡಿರುವ ಮಿತಿ 0.50. ಒಂದೇ ನೀರಿಗೆ ಎರಡು ಸಂಹಿತೆಗಳು ಎರಡು ಉತ್ತರ ಕೊಡುತ್ತಿವೆಯೆಂದು ಬೇಸರಪಡಬೇಕಾಗಿಲ್ಲ. ನಾನಾಗಿದ್ದರೆ ಚರ್ಚೆಗೇ ಹೋಗದೆ 0.45ರ ಒಳಗೆ, ಸಾಧ್ಯವಾದರೆ 0.40ಕ್ಕೆ, ನಿಲ್ಲಿಸುತ್ತಿದ್ದೆ.

ಇದಕ್ಕೆ ಕಾರಣವಿದೆ. ಸಿಮೆಂಟಿನ ಹೆಸರಿಗಿಂತ ಕಾಂಕ್ರೀಟು ಎಷ್ಟು ನೀರನ್ನು ಒಳಗೆ ಬಿಡುತ್ತದೆ ಎಂಬುದೇ ಸಲ್ಫೇಟಿನ ವಿಷಯದಲ್ಲಿ ಹೆಚ್ಚು ನಿರ್ಣಾಯಕ. ಸಿಮೆಂಟಿನ ಸಂಶೋಧಕ ಪವರ್ಸ್ ಮತ್ತು ಸಂಗಡಿಗರು 1959ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪೇಸ್ಟಿನೊಳಗಿನ ಕೇಶರಂಧ್ರಗಳು ಒಂದಕ್ಕೊಂದು ಸಂಪರ್ಕ ಕಳೆದುಕೊಳ್ಳಲು ಅನುಪಾತ 0.40 ಇದ್ದರೆ ಸುಮಾರು 3 ದಿನಗಳ ತೇವದ ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಸಾಕು, 0.45ಕ್ಕೆ 7 ದಿನ, 0.50ಕ್ಕೆ 14 ದಿನ, 0.60ಕ್ಕೆ ಆರು ತಿಂಗಳು ಬೇಕು. 0.70ನ್ನು ದಾಟಿದರೆ ಎಷ್ಟು ಕಾಲ ನೀರುಣಿಸಿದರೂ ಆ ದಾರಿಗಳು ಮುಚ್ಚುವುದೇ ಇಲ್ಲ. ಪೂರ್ಣ ಪ್ರಮಾಣದ ಕಾಂಕ್ರೀಟಿನಲ್ಲಿ ಜಲ್ಲಿಯ ಸುತ್ತಲಿನ ದುರ್ಬಲ ಪದರ, ಜೇನುಗೂಡಿನಂತಹ ಟೊಳ್ಳು, ಸೂಕ್ಷ್ಮ ಬಿರುಕು ಇವೆಲ್ಲ ಸೇರಿಕೊಳ್ಳುವುದರಿಂದ ಈ ಸಂಖ್ಯೆಗಳನ್ನು ಅಕ್ಷರಶಃ ತೆಗೆದುಕೊಳ್ಳಬಾರದು, ಆದರೆ 0.60ರಿಂದ 0.45ಕ್ಕೆ ಇಳಿಯುವುದರಲ್ಲಿ ಎಷ್ಟು ಗಳಿಕೆಯಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೇರೆ ಕೋಷ್ಟಕ ನನಗೆ ಗೊತ್ತಿಲ್ಲ. ಕಡಿಮೆ ನೀರಿನಲ್ಲಿ ಕಾಂಕ್ರೀಟು ಸರಾಗವಾಗಿ ಹರಿಯಬೇಕಾದರೆ ಸೂಪರ್‌ಪ್ಲಾಸ್ಟಿಸೈಜರ್ ಬೇಕೇ ಬೇಕು. ಸುರಿಯುವ ಹೊತ್ತಿನಲ್ಲಿ ನೀರು ಸೇರಿಸುವುದನ್ನು ನಿಷೇಧಿಸುವ ಒಂದು ಸಾಲನ್ನು ವಿವರಣೆಯಲ್ಲಿ ಬರೆಯಿರಿ, ಬರೆದದ್ದನ್ನು ನಿಂತು ಪಾಲಿಸುವವರನ್ನೂ ನೇಮಿಸಿರಿ.

ಸಿಮೆಂಟಿನ ಆಯ್ಕೆಯಲ್ಲಿ ನಾನು ಸಲ್ಫೇಟ್ ನಿರೋಧಕ ಸಿಮೆಂಟಿಗಿಂತ ಸಾಧಾರಣ ಸಿಮೆಂಟಿನೊಡನೆ ಶೇ. 60ರಿಂದ 70ರಷ್ಟು ಊದುಕುಲುಮೆಯ ಕಿಟ್ಟದ (ಕಬ್ಬಿಣ ಕರಗಿಸುವಾಗ ಉಳಿಯುವ ಸ್ಲ್ಯಾಗ್) ಪುಡಿಯನ್ನು, ಇಲ್ಲವೇ ಕ್ಯಾಲ್ಸಿಯಂ ಕಡಿಮೆಯಿರುವ ಹಾರುಬೂದಿಯನ್ನು ಶೇ. 25ರಿಂದ 35ರಷ್ಟು ಸೇರಿಸುವುದನ್ನು ಬಯಸುತ್ತೇನೆ. ಇವು ಸುಣ್ಣವನ್ನು ತಿಂದು ಹೆಚ್ಚುವರಿ ಸಿಲಿಕೇಟ್ ಹೈಡ್ರೇಟನ್ನು ಕೊಡುತ್ತವೆ, ಅಲ್ಯುಮಿನೇಟಿನ ಒಟ್ಟು ಪಾಲನ್ನು ತೆಳುಗೊಳಿಸುತ್ತವೆ, ರಂಧ್ರಗಳನ್ನು ಕಿರಿದಾಗಿಸುತ್ತವೆ. ಹಾರುಬೂದಿಯಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫಲ ತಿರುಗಿಬೀಳಬಹುದು, ಅದನ್ನು ಬಳಸಬೇಡಿ. ಇವುಗಳ ರಾಸಾಯನಿಕ ಕ್ರಿಯೆ ನಿಧಾನವಾದುದರಿಂದ ಕ್ಯೂರಿಂಗ್ 7 ದಿನಕ್ಕೆ ನಿಲ್ಲದೆ 14 ದಿನವಾದರೂ ನಡೆಯಬೇಕು. ಗಳಿಕೆಯೆಲ್ಲ ಮೇಲ್ಮೈಯ ಒಂದೆರಡು ಸೆಂಟಿಮೀಟರಿನಲ್ಲಿ ಇರುವುದು. ಮೊದಲು ಒಣಗುವುದೂ ಅದೇ ಭಾಗ.

ನೀರಿನಲ್ಲಿ ಮೆಗ್ನೀಸಿಯಂ ಮತ್ತು ಅಮೋನಿಯಂ ಎಷ್ಟಿವೆ ಎಂಬುದನ್ನೂ ಅಳೆಯಿಸಿರಿ. ಸಲ್ಫೇಟಿನ ಜೊತೆಗಾರ ಸೋಡಿಯಂ ಆಗಿದ್ದರೆ ಮೇಲೆ ಹೇಳಿದ್ದೆಲ್ಲ ನಡೆಯುತ್ತದೆ. ಮೆಗ್ನೀಸಿಯಂ ಆಗಿದ್ದರೆ ಅದು ಸುಣ್ಣವನ್ನು ಬಳಸಿ ಮುಗಿಸಿದ ಮೇಲೆ ಸಿಲಿಕೇಟ್ ಹೈಡ್ರೇಟಿನಿಂದಲೇ ಕ್ಯಾಲ್ಸಿಯಂ ಕಿತ್ತುಕೊಂಡು, ಅಂಟುಗುಣವಿಲ್ಲದ ಮೆಗ್ನೀಸಿಯಂ ಸಿಲಿಕೇಟನ್ನು ಬಿಟ್ಟುಹೋಗುತ್ತದೆ. ಅಂತಹ ಕಡೆ ಸುಣ್ಣ ಕಡಿಮೆಯಿರುವ ಸಿಲಿಕಾ ಫ್ಯೂಮ್ ಮಿಶ್ರಣ ನಾವು ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ.

ಎಂ_ಐವತ್ತು

ಇಷ್ಟೆಲ್ಲ ತೊಡಕು ಬೇಕೇ ಎಂದು ನನ್ನ ಸಂದೇಹ. 28 ದಿನಗಳ ಬಲ 50 ಮೆಗಾಪಾಸ್ಕಲ್ ಇರುವ ಕಾಂಕ್ರೀಟನ್ನು ಹಾಕಿ, ಹರಳು ಬೆಳೆಸುವ ಮಿಶ್ರಕವನ್ನು ಸೇರಿಸಿದರೆ ನೀರೇ ಒಳಗೆ ಹೋಗುವುದಿಲ್ಲ. ನೀರು ಹೋಗದ ಕಡೆ ಆಮ್ಲ ಹೇಗೆ ಹೋಗುತ್ತದೆ? ಕುಡಿಯುವ ನೀರಿನ ತೊಟ್ಟಿಗಳಲ್ಲಿ ಈ ಮಿಶ್ರಕವನ್ನು ಬಳಸಿ ಸೋರಿಕೆ ನಿಂತಿರುವುದನ್ನು ನಾನು ನೋಡಿದ್ದೇನೆ.

ಚರಂಡಿ_ಎಂಜಿನಿಯರ್

ಹಿಂದಿನವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಆಮ್ಲದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಲ್ಫೇಟ್ ಒಳಗೆ ಪ್ರವೇಶಿಸಿ ಹಾಳು ಮಾಡುತ್ತದೆ. ಆಮ್ಲಕ್ಕೆ ಪ್ರವೇಶದ ಅಗತ್ಯವಿಲ್ಲ. ಕಾಂಕ್ರೀಟಿನ ರಂಧ್ರಗಳೊಳಗಿನ ದ್ರವದ ಪಿ.ಎಚ್. 12.5ರಿಂದ 13.5ರವರೆಗೆ ಇರುತ್ತದೆ, ಸಿಮೆಂಟಿನ ಗಟ್ಟಿ ಪದಾರ್ಥಗಳು ಆ ಕ್ಷಾರೀಯತೆಯಲ್ಲಿ ಮಾತ್ರ ಸ್ಥಿರವಾಗಿರುತ್ತವೆ. ಆಮ್ಲ ಎಲ್ಲಿ ಮುಟ್ಟುತ್ತದೋ ಅಲ್ಲಿಯೇ ಮೊದಲು ಸುಣ್ಣ, ನಂತರ ಸಿಲಿಕೇಟ್ ಹೈಡ್ರೇಟ್ ಕ್ಯಾಲ್ಸಿಯಂ ಕಳೆದುಕೊಂಡು, ಕೊನೆಗೆ ಮೆತ್ತಗಿನ ಸಿಲಿಕಾ ಜೆಲ್ ಉಳಿಯುತ್ತದೆ. ಕಲ್ಲುಸಕ್ಕರೆ ಎಷ್ಟೇ ಗಟ್ಟಿಯಾಗಿದ್ದರೂ ನೀರಿನಲ್ಲಿ ಹೊರಗಿನಿಂದ ಕರಗುವಂತೆ, ರಂಧ್ರವೇ ಇಲ್ಲದ ಸಿಮೆಂಟಿನ ಕಲ್ಲನ್ನು ಕೊಟ್ಟರೂ ಆಮ್ಲ ಅದನ್ನು ಮೇಲ್ಮೈಯಿಂದ ಕರಗಿಸಿಕೊಂಡು ಹೋಗುತ್ತದೆ. ಆದ್ದರಿಂದ 50 ಮೆಗಾಪಾಸ್ಕಲ್ ಎಂಬುದು ಇಲ್ಲಿ ರಕ್ಷಣೆಯ ಅಳತೆಯಲ್ಲ. ಬಲವನ್ನು ಏರಿಸಲು ಬರೀ ಸಿಮೆಂಟನ್ನೇ ಹೆಚ್ಚಿಸಿದರೆ ಆಮ್ಲದಲ್ಲಿ ಕರಗುವ ಪದಾರ್ಥವನ್ನೇ ಹೆಚ್ಚಿಸಿದಂತಾಗುತ್ತದೆ. ಹರಳು ಬೆಳೆಸುವ ಮಿಶ್ರಕದ ಹರಳುಗಳೂ ಕ್ಯಾಲ್ಸಿಯಂ ಸಂಯುಕ್ತಗಳೇ. ಸೋರಿಕೆಯನ್ನು ತಡೆಯುವುದರಲ್ಲಿ, ಸಣ್ಣ ಬಿರುಕು ಮುಚ್ಚುವುದರಲ್ಲಿ ಅವು ನೆರವಾಗುತ್ತವೆ. ಕುಡಿಯುವ ನೀರಿನ ತೊಟ್ಟಿಯ ಅನುಭವವನ್ನು ಪಿ.ಎಚ್. 2ರ ನೈಟ್ರಿಕ್ ಆಮ್ಲದವರೆಗೆ ಎಳೆಯಲಾಗದು.

ಯಾವ ಆಮ್ಲ ಎಂಬುದೂ ಮುಖ್ಯ. ಆಮ್ಲವು ಕ್ಯಾಲ್ಸಿಯಂ ಜೊತೆ ಸೇರಿ ಕೊಡುವ ಲವಣ ನೀರಿನಲ್ಲಿ ಕರಗುತ್ತದೆಯೇ ಇಲ್ಲವೇ ಎಂಬುದರ ಮೇಲೆ ಹಾನಿಯ ವೇಗ ನಿಂತಿದೆ. ಆಕ್ಸಾಲಿಕ್ ಆಮ್ಲದಿಂದ ಹುಟ್ಟುವ ಕ್ಯಾಲ್ಸಿಯಂ ಆಕ್ಸಲೇಟ್ ಕರಗದೆ ಮೇಲ್ಮೈಯಲ್ಲೇ ಕುಳಿತು ಒಂದು ಮಟ್ಟಿಗೆ ರಕ್ಷಣೆಯನ್ನೇ ಕೊಡುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಬಹಳ ಸುಲಭವಾಗಿ ಕರಗುತ್ತದೆ, ಕ್ಯಾಲ್ಸಿಯಂ ಲ್ಯಾಕ್ಟೇಟ್ ಕೂಡ ಕರಗುತ್ತದೆ. ನಿಮ್ಮ ತೊಟ್ಟಿಗೆ ಬರುವ ಎರಡೂ ಆಮ್ಲಗಳು ಹೀಗೆ ಕೆಟ್ಟ ಗುಂಪಿಗೆ ಸೇರಿದವು. ಲ್ಯಾಕ್ಟಿಕ್ ದುರ್ಬಲ ಆಮ್ಲ ಎಂಬ ಸಮಾಧಾನವೂ ಬೇಡ: ದುರ್ಬಲ ಆಮ್ಲದ ದ್ರಾವಣದಲ್ಲಿ ಪಿ.ಎಚ್. ಸೂಚಿಸುವುದಕ್ಕಿಂತ ಹೆಚ್ಚು ಆಮ್ಲ ಅಡಗಿರುತ್ತದೆ. ಒಂದಿಷ್ಟು ಖರ್ಚಾದಂತೆ ಇನ್ನಷ್ಟು ಬಿಡುಗಡೆಯಾಗುತ್ತಲೇ ಇರುತ್ತದೆ. ಆದ್ದರಿಂದ ಪಿ.ಎಚ್. ಜೊತೆಗೆ ಒಟ್ಟು ಆಮ್ಲೀಯತೆಯನ್ನೂ ಅಳೆಯಿಸಿರಿ. ಕಾಸ್ಟಿಕ್ ಸೋಡಾದ ಬಗ್ಗೆ ಇಷ್ಟು ಚಿಂತೆ ಬೇಡ, ಶೇ. 10ಕ್ಕಿಂತ ತೆಳುವಾದ ದ್ರಾವಣವನ್ನು ಒಳ್ಳೆಯ ಕಾಂಕ್ರೀಟು ಸಹಿಸುತ್ತದೆ.

ಸುಣ್ಣಗಾರೆಯವರು ಉಲ್ಲೇಖಿಸಿದ ಇ.ಎನ್. 206ರ ಕೋಷ್ಟಕದಲ್ಲಿ ಪಿ.ಎಚ್. 5.5ರಿಂದ 4.5ರವರೆಗಿನದಕ್ಕೂ ಒಂದು ವರ್ಗವಿದೆ. ಅದನ್ನು ನೋಡಿ "ನಮ್ಮದು 5, ಆದ್ದರಿಂದ 0.50 ಸಾಕು" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಕೋಷ್ಟಕ ಸಹಜ ಮಣ್ಣಿಗೆ ಮತ್ತು ಅಂತರ್ಜಲಕ್ಕೆ, ಅದೂ 5ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಹುಮಟ್ಟಿಗೆ ನಿಂತಿರುವ ನೀರಿಗೆ, ಬರೆದದ್ದು. ಮಣ್ಣಿನೊಳಗಿನ ನಿಂತ ನೀರಿನಲ್ಲಿ ಆಮ್ಲ ಗೋಡೆಯ ಬಳಿ ತಾನೇ ಶಮನಗೊಂಡು ಕುಳಿತುಕೊಳ್ಳುತ್ತದೆ. ನಿಮ್ಮ ತೊಟ್ಟಿಯಲ್ಲಿ ದಿನವೂ ಹೊಸ ಆಮ್ಲ ಬರುತ್ತದೆ, ಬಿಸಿಯಾಗಿ ಬರುತ್ತದೆ, ಮಂಥನದ ಯಂತ್ರವಿದ್ದರೆ ಮೆತ್ತಗಾದ ಪದರವನ್ನು ಒರೆಸಿಕೊಂಡೂ ಹೋಗುತ್ತದೆ. ಆ ಪದರ ಉಳಿದುಕೊಂಡರೆ ಸವೆತದ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅಂದರೆ ಬರಬರುತ್ತ ನಿಧಾನವಾಗುತ್ತದೆ. ಪದರ ಕಳಚಿಹೋಗುತ್ತಿದ್ದರೆ ಅದು ಕಾಲಕ್ಕೆ ನೇರ ಅನುಪಾತದಲ್ಲಿ ಮುಂದುವರಿಯುತ್ತದೆ.

ಇನ್ನು ಮೂರನೆಯ ದಾಳಿಯೊಂದನ್ನು ಯಾರೂ ಎತ್ತಿಲ್ಲ. ತೊಟ್ಟಿಗೆ ಮೇಲೆ ಚಪ್ಪಡಿಯಿದೆ ಎಂದಿರಿ. ತ್ಯಾಜ್ಯನೀರು ಗಾಳಿಯಿಲ್ಲದೆ ನಿಂತರೆ ಅದರೊಳಗಿನ ಸಲ್ಫೇಟನ್ನು ಬ್ಯಾಕ್ಟೀರಿಯಾಗಳು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ, ಹೈಡ್ರೋಜನ್ ಸಲ್ಫೈಡ್ ಅನಿಲ ನೀರಿನ ಮೇಲಿನ ಖಾಲಿ ಜಾಗಕ್ಕೆ ಏರುತ್ತದೆ, ಚಪ್ಪಡಿಯ ಅಡಿಭಾಗದ ತೇವದಲ್ಲಿ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಸಲ್ಫ್ಯೂರಿಕ್ ಆಮ್ಲವಾಗಿಸುತ್ತವೆ. ಒಳಚರಂಡಿಯ ಕೊಳವೆಗಳ ಮೇಲ್ಭಾಗ ಕೊಳೆತು ಬೀಳುವುದಕ್ಕೆ ಬ್ಯಾಕ್ಟೀರಿಯಾಗಳು ಕಾರಣವೆಂಬುದನ್ನು ಆಸ್ಟ್ರೇಲಿಯಾದ ಸಂಶೋಧಕ ಪಾರ್ಕರ್ 1945ರಲ್ಲಿ ತೋರಿಸಿದರು. ಅಂತಹ ಮೇಲ್ಮೈಗಳಲ್ಲಿ ಪಿ.ಎಚ್. 1ರಿಂದ 2ರವರೆಗೂ ಇಳಿಯುತ್ತದೆ. ನೀರಿನೊಳಗಿನ ಗೋಡೆ ಚೆನ್ನಾಗಿದ್ದು, ನೀರು ಮುಟ್ಟದ ಚಪ್ಪಡಿಯೇ ಮೊದಲು ಹಾಳಾಗುವ ವಿಚಿತ್ರ ಇದರಿಂದಲೇ ಉಂಟಾಗುವುದು. ಇದಕ್ಕೆ ಅಗ್ಗದ ಮದ್ದು ಕಾಂಕ್ರೀಟಿನಲ್ಲಿಲ್ಲ, ಪ್ರಕ್ರಿಯೆಯಲ್ಲಿದೆ: ನೀರಿಗೆ ಗಾಳಿಯೂಡುವುದು, ತಳದಲ್ಲಿ ಕೆಸರು ಕೂರದಂತೆ ನೋಡಿಕೊಳ್ಳುವುದು, ಮೇಲಿನ ಜಾಗದ ಗಾಳಿಯನ್ನು ಹೊರಕ್ಕೆಳೆದು ಬದಲಿಸುವುದು. ಅಂದಹಾಗೆ, ಈ ಅನಿಲ ಕಾಂಕ್ರೀಟಿಗಿಂತ ಮೊದಲು ಮನುಷ್ಯರನ್ನು ಕೊಲ್ಲುತ್ತದೆ. ಪರಿಶೀಲನೆಗೆ ಇಳಿಯುವ ಮುನ್ನ ಅನಿಲ ಮಾಪನ ಕಡ್ಡಾಯವೆಂದು ಬರೆಯಿರಿ.

ಬೇರೆ ಬಂಧಕಗಳ ಬಗ್ಗೆ ಎರಡು ಮಾತು. 1908ರಲ್ಲಿ ಫ್ರಾನ್ಸಿನ ಬೀಡ್ ಎಂಬವರು ಪೇಟೆಂಟ್ ಪಡೆದ ಕ್ಯಾಲ್ಸಿಯಂ ಅಲ್ಯುಮಿನೇಟ್ ಸಿಮೆಂಟು ಚರಂಡಿಗಳ ಒಳಗಾರೆಯಾಗಿ ಚೆನ್ನಾಗಿ ಬಾಳುತ್ತದೆ, ಏಕೆಂದರೆ ಅದರಲ್ಲಿ ಸುಣ್ಣವಿಲ್ಲ ಮತ್ತು ಅದರ ಅಲ್ಯುಮಿನಾ ಜೆಲ್ ಪಿ.ಎಚ್. 4ರ ಆಸುಪಾಸಿನವರೆಗೂ ಕರಗದೆ ನಿಲ್ಲುತ್ತದೆ. ಆದರೆ ಅದೇ ಜೆಲ್ ಪ್ರಬಲ ಕ್ಷಾರದಲ್ಲಿ ಕರಗುತ್ತದೆ. ಬಿಸಿ ಕಾಸ್ಟಿಕ್ ಬಂದು ಬೀಳುವ ನಿಮ್ಮ ತೊಟ್ಟಿಗೆ ಅದು ಸಲ್ಲದು. ಭಾರ ಹೊರುವ ಭಾಗಗಳಲ್ಲಂತೂ ಅದರ ಹೈಡ್ರೇಟುಗಳು ಕಾಲಾಂತರದಲ್ಲಿ ರೂಪ ಬದಲಿಸಿ ಬಲ ಕುಂದುತ್ತದೆ. ಬ್ರಿಟನ್ನಿನಲ್ಲಿ 1973-74ರಲ್ಲಿ ಛಾವಣಿಗಳು ಕುಸಿದ ಮೇಲೆ ರಚನಾ ಕಾಂಕ್ರೀಟಿನಲ್ಲಿ ಅದನ್ನು ಬಳಸುವುದು ಬಹುತೇಕ ನಿಂತುಹೋಯಿತು. ಕಿಟ್ಟ ಅಥವಾ ಹಾರುಬೂದಿಯನ್ನು ಕ್ಷಾರದಿಂದ ಪ್ರಚೋದಿಸಿ ಮಾಡುವ ಜಿಯೋಪಾಲಿಮರ್ ಆಮ್ಲದಲ್ಲಿ ಸಾಧಾರಣ ಕಾಂಕ್ರೀಟಿಗಿಂತ ಉತ್ತಮವಾಗಿ ನಿಲ್ಲುವುದು ನಿಜ. ಆದರೆ ಅದನ್ನು ಮಾಡಿ ಪಳಗಿದ ತಂಡ ಸಿಗದಿದ್ದರೆ ಒಂದೇ ತೊಟ್ಟಿಗಾಗಿ ಆ ಸಾಹಸಕ್ಕೆ ಇಳಿಯಬಾರದು.

ತೊಟ್ಟಿ_ವಿನ್ಯಾಸ

ಎಲ್ಲರಿಗೂ ಕೃತಜ್ಞತೆಗಳು. ಪ್ರಯೋಗಾಲಯವನ್ನು ವಿಚಾರಿಸಿದೆ, 1,300 ಎಂಬುದು ಟ್ರೈಆಕ್ಸೈಡಿನ ರೂಪದಲ್ಲಿಯೇ ಇದೆ, ಆದ್ದರಿಂದ 1,560 ಎಂದು ತೆಗೆದುಕೊಳ್ಳುತ್ತಿದ್ದೇನೆ. ಮೆಗ್ನೀಸಿಯಂ ಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ. ಗೋಡೆಗೂ ತಳಕ್ಕೂ ಕಿಟ್ಟದ ಪುಡಿಯ ಮಿಶ್ರಣ, 0.40 ಅನುಪಾತ, 14 ದಿನಗಳ ಕ್ಯೂರಿಂಗ್ ಎಂದು ಬರೆಯುತ್ತೇನೆ. ಒಳಗೆ ತಡೆಪದರ ಬೇಕೇ ಬೇಕು ಎಂಬುದೂ ಮನದಟ್ಟಾಯಿತು. ಈಗ ಉಳಿದಿರುವುದು ಯಾವ ತಡೆಪದರ ಎಂಬ ಪ್ರಶ್ನೆ. ಎಪಾಕ್ಸಿ ಎಂಬ ರಾಳದ ಲೇಪನ ಬಳಿದ ತೊಟ್ಟಿಗಳಲ್ಲಿ ಗುಳ್ಳೆಗಳೆದ್ದು ಕಳಚಿರುವುದನ್ನು ಮಾಲೀಕರು ನೋಡಿದ್ದಾರೆ. ಅವರ ವಿರೋಧಕ್ಕೆ ಮೂಲ ಅದೇ.

ಲೇಪನ_ತಜ್ಞ

ಗುಳ್ಳೆಯೇಳುವುದಕ್ಕೆ ಎಪಾಕ್ಸಿಯನ್ನು ದೂರುವ ಮೊದಲು ನೀರು ಎಲ್ಲಿಂದ ಬಂತು ಎಂದು ನೋಡಬೇಕು. ನಿಮ್ಮ ಅಂತರ್ಜಲದ ಮಟ್ಟ ತಳಕ್ಕಿಂತ ಮೇಲಿದೆ. ತೊಟ್ಟಿ ಖಾಲಿಯಾದಾಗಲೆಲ್ಲ ಹೊರಗಿನ ನೀರು ಗೋಡೆಯ ಮೂಲಕ ಒಳಮುಖವಾಗಿ ಒತ್ತುತ್ತದೆ; ಆ ಒತ್ತಡ ಲೇಪನವನ್ನು ಹಿಂದಿನಿಂದ ತಳ್ಳುತ್ತದೆ. ಹೊರಮೈಗೆ ಜಲನಿರೋಧಕ ಹಾಳೆಯನ್ನು ಮೊದಲು ಹಾಕದೆ ಒಳಗೆ ಎಷ್ಟು ಒಳ್ಳೆಯ ಲೇಪನವನ್ನು ಬಳಿದರೂ ಅದು ನಿಲ್ಲುವುದು ಅನುಮಾನ. ಹೊರಗಿನ ಹಾಳೆಯಿಂದ ಸಲ್ಫೇಟ್ ಕೂಡ ಕಾಂಕ್ರೀಟನ್ನು ಮುಟ್ಟುವುದಿಲ್ಲ. ಹಾಗೆಂದು ಮಿಶ್ರಣದ ಗುಣಮಟ್ಟವನ್ನು ಇಳಿಸಬೇಡಿ; ಮಣ್ಣು ತುಂಬುವಾಗ ಹಾಳೆ ಹರಿಯುವುದು ಅಪರೂಪವಲ್ಲ. ಹಾಳೆಯ ಮೇಲೆ ರಕ್ಷಣಾ ಫಲಕವಿಟ್ಟೇ ಮಣ್ಣು ತುಂಬಿಸಿರಿ.

ಮಾಲೀಕರು ನೋಡಿದ ಇನ್ನುಳಿದ ವೈಫಲ್ಯಗಳಿಗೆ ಸಾಮಾನ್ಯವಾಗಿ ಮೇಲ್ಮೈಯ ಸಿದ್ಧತೆ ಕಾರಣವಾಗಿರುತ್ತದೆ. ಹೊಸ ಕಾಂಕ್ರೀಟಿನ ಮೇಲೆ ಸಿಮೆಂಟಿನ ಹಾಲು ಕೆನೆಗಟ್ಟಿ ಉಳಿದ ದುರ್ಬಲ ಪದರವಿರುತ್ತದೆ, ಸೆಂಟ್ರಿಂಗಿಗೆ ಹಚ್ಚಿದ ಎಣ್ಣೆ ಅಂಟಿರುತ್ತದೆ, ಗಾಳಿಗುಳ್ಳೆಗಳ ಸಣ್ಣ ಕುಳಿಗಳಿರುತ್ತವೆ. ಒತ್ತಡದಲ್ಲಿ ಹರಳುಪುಡಿಯನ್ನು ಸಿಡಿಸಿ ಅದನ್ನೆಲ್ಲ ತೆಗೆದು, ಕುಳಿಗಳನ್ನು ಎಪಾಕ್ಸಿ ಗಾರೆಯಿಂದ ತುಂಬಿದ ಮೇಲೆಯೇ ಬಳಿಯಬೇಕು. ಕಿತ್ತೆಳೆಯುವ ಪರೀಕ್ಷೆಯಲ್ಲಿ ಕಾಂಕ್ರೀಟಿನ ಮೇಲ್ಮೈ 1.5 ಮೆಗಾಪಾಸ್ಕಲ್‌ಗಿಂತ ಕಡಿಮೆ ಎಳೆತಕ್ಕೆ ಕಿತ್ತುಬಂದರೆ ಬಳಿಯಲು ಬಿಡಬಾರದು. ತೇವವನ್ನು ತಿಳಿಯಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಮುಚ್ಚಿ ಅಂಟಿಸಿ, ಮರುದಿನ ಅದರಡಿಯಲ್ಲಿ ನೀರಿನ ಹನಿ ಕೂಡಿದೆಯೇ ಎಂದು ನೋಡುವ ಸರಳ ವಿಧಾನವೇ ಸಾಕಷ್ಟು ಹೇಳುತ್ತದೆ. ಕ್ಯೂರಿಂಗಿಗಾಗಿ ಮೇಣದಂತಹ ದ್ರವವನ್ನು ಸಿಂಪಡಿಸುವುದನ್ನು ಈ ತೊಟ್ಟಿಯಲ್ಲಿ ನಿಷೇಧಿಸಿರಿ, ಆ ಮೇಣದ ಮೇಲೆ ಯಾವ ಲೇಪನವೂ ಹಿಡಿಯುವುದಿಲ್ಲ. ಗೋಣಿಚೀಲ ಮತ್ತು ನೀರೇ ಆಗಲಿ.

ಲೇಪನದ ಜಾತಿಯ ಬಗ್ಗೆ: ಸಾಧಾರಣ ಎಪಾಕ್ಸಿ ಕ್ಷಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಲ್ಯಾಕ್ಟಿಕ್‌ನಂತಹ ಸಾವಯವ ಆಮ್ಲಗಳಿಗೂ ಆಕ್ಸೀಕರಣ ಮಾಡುವ ನೈಟ್ರಿಕ್ ಆಮ್ಲಕ್ಕೂ ಅದು ಬಗ್ಗುತ್ತದೆ. ನೋವೊಲ್ಯಾಕ್ ಎಪಾಕ್ಸಿ ಇದಕ್ಕಿಂತ ಮೇಲು. ನೈಟ್ರಿಕ್ ಆಮ್ಲದ ಮಟ್ಟಿಗೆ ವಿನೈಲ್ ಎಸ್ಟರ್ ಇನ್ನೂ ಮೇಲು. ತಯಾರಕರ ನಿರೋಧಕತೆಯ ಪಟ್ಟಿಯಲ್ಲಿ ರಾಸಾಯನಿಕದ ಹೆಸರನ್ನಷ್ಟೇ ನೋಡದೆ ಅದರ ಸಾಂದ್ರತೆ, ಉಷ್ಣತೆ, ಮುಳುಗಿರುವ ಸ್ಥಿತಿಯೋ ಚಿಮುಕುವ ಸ್ಥಿತಿಯೋ ಎಂಬ ಮೂರನ್ನೂ ನೋಡಿರಿ. ಕೋಣೆಯ ಉಷ್ಣತೆಯಲ್ಲಿ ವರ್ಷಗಟ್ಟಲೆ ತಡೆಯುವ ಲೇಪನ 70 ಡಿಗ್ರಿಯಲ್ಲಿ ಬೇಗನೆ ಮೆತ್ತಗಾಗಬಹುದು. ಸಿಲೇನ್‌ನಂತಹ ಒಳಸೇರುವ ದ್ರವಗಳು ನೀರನ್ನು ವಿಕರ್ಷಿಸುತ್ತವೆಯಷ್ಟೆ. ಆಮ್ಲದಲ್ಲಿ ಮುಳುಗಿರುವ ಗೋಡೆಗೆ ಅವು ತಡೆಪದರವಲ್ಲ.

ಮತ್ತೆ ಮತ್ತೆ ಬಳಿಯುವುದೇ ಮಾಲೀಕರ ಆಕ್ಷೇಪವಾಗಿದ್ದರೆ, ಬೆನ್ನಿನಲ್ಲಿ ಗೂಟಗಳಿರುವ ಅಧಿಕ ಸಾಂದ್ರತೆಯ ಪಾಲಿಎಥಿಲೀನ್ ಹಾಳೆಯನ್ನು ಸೆಂಟ್ರಿಂಗಿನ ಒಳಮೈಗೆ ಮೊದಲೇ ಜೋಡಿಸಿ ಕಾಂಕ್ರೀಟು ಸುರಿಯುವ ವಿಧಾನವನ್ನು ಅವರ ಮುಂದಿಡಿರಿ. ಗೂಟಗಳು ಕಾಂಕ್ರೀಟಿನೊಳಗೆ ಹೂತುಕೊಳ್ಳುವುದರಿಂದ ಇದು ಅಂಟಿನ ಮೇಲೆ ಅವಲಂಬಿತವಲ್ಲ. ನಿಮ್ಮ ಆಮ್ಲಗಳ ಈ ಸಾಂದ್ರತೆಗೆ ಪಾಲಿಎಥಿಲೀನ್ ಜಗ್ಗುವುದಿಲ್ಲ, ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಂದರೂ ಅದರೊಡನೆ ಹರಿಯುವುದಿಲ್ಲ. ಚಪ್ಪಡಿಯ ಅಡಿಗೂ ಇದನ್ನೇ ಹಾಕಬಹುದಾದ್ದರಿಂದ ಚರಂಡಿ_ಎಂಜಿನಿಯರ್ ಹೇಳಿದ ಮೂರನೆಯ ದಾಳಿಗೂ ಉತ್ತರವಾಗುತ್ತದೆ. ಆದರೆ ಬಿಸಿಗೆ ಅದು ಸಡಿಲಗೊಂಡು ಹಿಗ್ಗುತ್ತದೆ. ತೊಳೆಯುವ ದ್ರಾವಣ ನೇರವಾಗಿ ಹಾಳೆಯ ಮೇಲೆ ಸುರಿಯದೆ ತಣ್ಣೀರಿನೊಡನೆ ಬೆರೆತು ಬೀಳುವಂತೆ ಒಳಹರಿವಿನ ಕೊಳವೆಯನ್ನು ಇಡಬೇಕಾಗುತ್ತದೆ.

ಸುಣ್ಣಗಾರೆ

ಲೇಪನ_ತಜ್ಞರ ಮಾತಿಗೆ ನನ್ನ ಒಪ್ಪಿಗೆಯಿದೆ. ಒಂದೇ ಒಂದು ಸೇರ್ಪಡೆ: ತಡೆಪದರವಿದೆಯೆಂದು ಸರಳುಗಳ ಮೇಲಿನ ಕವರನ್ನು, ಅಂದರೆ ಅವುಗಳನ್ನು ಮುಚ್ಚಿರುವ ಕಾಂಕ್ರೀಟಿನ ದಪ್ಪವನ್ನು, ಕಡಿಮೆ ಮಾಡಬೇಡಿ. ಪದರದಲ್ಲಿ ಒಂದು ಸೂಜಿರಂಧ್ರವಿದ್ದರೂ ಆಮ್ಲ ಆ ಒಂದೇ ಜಾಗದಲ್ಲಿ ಕಾಂಕ್ರೀಟನ್ನು ಕೊರೆಯುತ್ತ ಹೋಗುತ್ತದೆ. ಸರಳು ಮುಟ್ಟುವವರೆಗೆ ಮೇಲಿನಿಂದ ಏನೂ ಕಾಣಿಸುವುದಿಲ್ಲ. ಜಲ್ಲಿಯ ಬಗ್ಗೆಯೂ ಯೋಚಿಸಬಹುದು. ಸುಣ್ಣಕಲ್ಲಿನ ಜಲ್ಲಿ ತಾನೂ ಕರಗಿ ಆಮ್ಲವನ್ನು ಶಮನಗೊಳಿಸುತ್ತದೆ, ಆದ್ದರಿಂದ ಮೇಲ್ಮೈ ಸಮನಾಗಿ, ನಿಧಾನವಾಗಿ ಸವೆಯುತ್ತದೆ. ಗ್ರಾನೈಟಿನ ಜಲ್ಲಿ ಕರಗುವುದಿಲ್ಲ, ಆದರೆ ಸುತ್ತಲಿನ ಪೇಸ್ಟು ಹೋದಾಗ ಸಡಿಲಗೊಂಡು ಉದುರುತ್ತದೆ. ನಿಮಗೆ ತಡೆಪದರವಿರುವುದರಿಂದ ಈ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ತಣ್ಣನೆಯ, ಒದ್ದೆಯಾದ ಸಲ್ಫೇಟ್ ಮಣ್ಣಿನಲ್ಲಿ, ಅಂದರೆ ಸುಮಾರು 15 ಡಿಗ್ರಿಗಿಂತ ಕೆಳಗೆ, ಸುಣ್ಣಕಲ್ಲಿನ ಕಾರ್ಬೊನೇಟ್ ಇದ್ದರೆ ಥೌಮಸೈಟ್ ಎಂಬ ಬೇರೊಂದು ಸಂಯುಕ್ತ ಹುಟ್ಟಿ ಸಿಲಿಕೇಟ್ ಹೈಡ್ರೇಟನ್ನೇ ಕೆಸರಿನಂತೆ ಮೆತ್ತಗಾಗಿಸುತ್ತದೆ. 1998ರಲ್ಲಿ ಇಂಗ್ಲೆಂಡಿನ ಎಂ5 ಹೆದ್ದಾರಿಯ ಸೇತುವೆಗಳ ತಳಪಾಯದಲ್ಲಿ ಕಂಡುಬಂದದ್ದು ಇದೇ. ಅದರ ಮುಂದೆ ಅಲ್ಯುಮಿನೇಟ್ ಕಡಿಮೆಯಿರುವ ಸಿಮೆಂಟಿನ ಆಟ ನಡೆಯುವುದಿಲ್ಲ. ನಿಮ್ಮ ನೆಲದ ಉಷ್ಣತೆ ಅಷ್ಟು ಇಳಿಯುವುದಾದರೆ ಸುಣ್ಣಕಲ್ಲನ್ನು ಬಿಟ್ಟುಬಿಡಿ.

ತೊಟ್ಟಿ_ವಿನ್ಯಾಸ

ನೆಲದ ಉಷ್ಣತೆ ವರ್ಷವಿಡೀ 20 ಡಿಗ್ರಿಗಿಂತ ಮೇಲಿರುತ್ತದೆ, ಆದ್ದರಿಂದ ಆ ಭಯವಿಲ್ಲ. ಪಾಲಿಎಥಿಲೀನ್ ಹಾಳೆಯ ವಿಧಾನವನ್ನು ಮಾಲೀಕರು ಒಪ್ಪುವಂತೆ ಕಾಣುತ್ತದೆ. ಹಾಳೆಗಳ ಬೆಸುಗೆಯನ್ನು ಹೇಗೆ ಪರೀಕ್ಷಿಸಬೇಕು?

ಲೇಪನ_ತಜ್ಞ

ಅಧಿಕ ವೋಲ್ಟೇಜಿನ ಕಿಡಿ ಪರೀಕ್ಷೆಯಿಂದ. ಪಾಲಿಎಥಿಲೀನ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬೆಸುಗೆಯ ಅಡಿಯಲ್ಲಿ ತಂತಿಯನ್ನೋ ವಾಹಕ ಪಟ್ಟಿಯನ್ನೋ ಮೊದಲೇ ಇಟ್ಟು, ಮೇಲಿನಿಂದ ಕುಂಚದಂತಹ ಸಲಾಕೆಯನ್ನು ಎಳೆದುಕೊಂಡು ಹೋದಾಗ ಎಲ್ಲಿ ಕಿಡಿ ಹಾರುತ್ತದೋ ಅಲ್ಲಿ ರಂಧ್ರವಿದೆ ಎಂದರ್ಥ. ತೊಟ್ಟಿಯ ಒಳಗೆ ದಹನಶೀಲ ಆವಿ ಏನೂ ಇಲ್ಲವೆಂದು ಖಚಿತಪಡಿಸಿಕೊಂಡೇ ಇದನ್ನು ಮಾಡಬೇಕು, ಆದ್ದರಿಂದ ತ್ಯಾಜ್ಯನೀರು ಬಿಡುವ ಮೊದಲೇ ಎಲ್ಲ ಬೆಸುಗೆಗಳ ಪರೀಕ್ಷೆ ಮುಗಿದಿರಲಿ. ಕೊಳವೆಗಳು ಗೋಡೆಯನ್ನು ಹಾಯುವ ಜಾಗಗಳನ್ನು ಎರಡು ಬಾರಿ ಪರೀಕ್ಷಿಸಿರಿ. ನೇರ ಬೆಸುಗೆಯನ್ನು ಯಂತ್ರ ಮಾಡುತ್ತದೆ; ಕೊಳವೆಯ ಸುತ್ತ ಕೈಯಿಂದಲೇ ಮಾಡಬೇಕಾಗುವುದರಿಂದ ಸೋರಿಕೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.